ಟ್ರಾಂಬೆಯಲ್ಲಿ ಜೋಡಿಸಿದ ಮ್ಯೂಯಾನ್ ಶೋಧಕಗಳು: ನನ್ನ ಅನುಭವ

ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪ್ರಯೋಗದ (ಪ್ರೋಟಾನ್‌ಗಳ ಡಿಕ್ಕಿಯಲ್ಲಿ ಹುಟ್ಟುವ ಕಣಗಳನ್ನು ಅಳೆಯುವ ಬೃಹತ್ ಉಪಕರಣ) ಎರಡೂ ತುದಿಗಳಲ್ಲಿ ಮ್ಯೂಯಾನ್ (ಎಲೆಕ್ಟ್ರಾನಿನಂಥದೇ, ಆದರೆ ಅದಕ್ಕಿಂತ ಭಾರವಾದ ಕಣ) ಗುರುತಿಸುವ ಆರ್‌ಪಿಸಿಗಳು (ರೆಸಿಸ್ಟಿವ್ ಪ್ಲೇಟ್ ಚೇಂಬರ್, ಅಂದರೆ ಅನಿಲ ತುಂಬಿದ ಚಪ್ಪಟೆ ಶೋಧಕಗಳು) ಮೊದಲು ಮೂರು ಪದರಗಳಲ್ಲಿ ಮಾತ್ರ ಇದ್ದವು. ನಾಲ್ಕನೆಯದನ್ನು, ಅಲ್ಲಿನ ಕಣವೇಗವರ್ಧಕವನ್ನು ನಿಲ್ಲಿಸಿದ್ದ 2013–14ರ ದೀರ್ಘ ವಿರಾಮದಲ್ಲಿ ಸೇರಿಸಲಾಯಿತು. ಅದಕ್ಕೆ ಬೇಕಾದ 144 ಚೇಂಬರ್‌ಗಳಲ್ಲಿ ಒಂದು ಪಾಲನ್ನು ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಜೋಡಿಸಿದೆವು. ನನಗೆ ಬಂದದ್ದು ಸೋರಿಕೆ ಪರೀಕ್ಷೆ.

ಚೇಂಬರ್‌ನೊಳಗೆ ಕೂರಿಸಲು ಕೊರಿಯಾದಿಂದ ಬರುತ್ತಿದ್ದ ಅನಿಲಕೋಶ ಎಂದರೆ ಎರಡು ಬೇಕಲೈಟ್ ಹಾಳೆ, ನಡುವೆ 2 ಮಿಲಿಮೀಟರ್ ತೆರವು. ಆ ಅಂತರವನ್ನು ಕಾಯುವುದು ಅಂಗಿಯ ಗುಂಡಿಯಂಥ ಸ್ಪೇಸರ್‌ಗಳು. ಒಂದು ಅಂಟು ಬಿಟ್ಟರೂ ಹಾಳೆ ಅಲ್ಲಿ ಉಬ್ಬುತ್ತದೆ, ವಿದ್ಯುತ್ ಕ್ಷೇತ್ರ ಕುಗ್ಗುತ್ತದೆ, ಮ್ಯೂಯಾನ್ ಹಾದುಹೋದರೂ ಸುಳಿವು ಸಿಗದೆ ಹೋಗಬಹುದು. ಆದ್ದರಿಂದ ಕೋಶಕ್ಕೆ ತುಸು ಒತ್ತಡದಲ್ಲಿ ಅನಿಲ ತುಂಬಿಸಿ, ಪ್ರತಿ ಸ್ಪೇಸರ್‌ನ ಮೇಲೂ ಒತ್ತಿ ನೋಡುತ್ತಿದ್ದೆ. ಅಂಟು ಗಟ್ಟಿಯಿದ್ದರೆ ಮಾಪಕ ಕದಲುವುದಿಲ್ಲ. ಬಿಟ್ಟಿದ್ದರೆ ತಟ್ಟನೆ ಜಿಗಿಯುತ್ತದೆ. ಅಂಥ ಕೋಶವನ್ನು ಯಾವ ಮುಲಾಜೂ ಇಲ್ಲದೆ ಪಕ್ಕಕ್ಕಿಡುತ್ತಿದ್ದೆ.

ನಿಜವಾದ ಪರದಾಟ ಸೋರಿಕೆ ಅಳೆಯುವಾಗ. ಧಾರವಾಡದಿಂದ ಬಂದಿದ್ದ ಕಿರಿಯ ಸಹೋದ್ಯೋಗಿ ಒಂದು ಸಂಜೆ, "ಸರ್, ಇದರಲ್ಲಿ ಸೋರಿಕೆಯೇ ಇಲ್ಲ. ಬೆಳಿಗ್ಗೆಗಿಂತ ಒತ್ತಡ ಏರಿದೆ ನೋಡಿ" ಎಂದರು. ಮುಚ್ಚಿಟ್ಟ ಕೋಶದಲ್ಲಿ ಒತ್ತಡ ಏರುವುದೆಂದರೇನು? ಮುಂಬೈಯಂಥ ಉಷ್ಣವಲಯದ ಊರಿನಲ್ಲಿ ವಾಯುಭಾರ ಬೆಳಗಿನ ಹತ್ತರ ಸುಮಾರಿಗೆ ಗರಿಷ್ಠಕ್ಕೇರಿ, ಸಂಜೆ ನಾಲ್ಕರ ಹೊತ್ತಿಗೆ ಮೂರು ಮಿಲಿಬಾರ್‌ನಷ್ಟು ಇಳಿಯುತ್ತದೆ. ನಮ್ಮ ಮಾಪಕ ತೋರಿಸುವುದು ಒಳಗಿನ, ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಹೊರಗೆ ಇಳಿದರೆ ಒಳಗೆ ಏರಿದಂತೆ ಕಾಣುತ್ತದೆ, ಸಣ್ಣ ಸೋರಿಕೆ ಅದರಡಿ ಮುಚ್ಚಿಹೋಗುತ್ತದೆ. ಕೋಣೆಯ ಉಷ್ಣತೆ ಒಂದು ಡಿಗ್ರಿ ಏರಿದರೂ ಮತ್ತೆ ಮೂರು ಮಿಲಿಬಾರ್‌ನಷ್ಟು ವ್ಯತ್ಯಾಸ. ಹಾಗಾಗಿ ಪ್ರತಿ ಅಳತೆಯ ಪಕ್ಕದಲ್ಲಿ ವಾಯುಭಾರ, ಉಷ್ಣತೆ ಎರಡನ್ನೂ ಬರೆದು, ತಿದ್ದಿದ ಅಂಕಿಯನ್ನಷ್ಟೇ ಒಪ್ಪುತ್ತಿದ್ದೆವು. ಈ ಕೆಲಸಕ್ಕೆ ಕೈಹಾಕುವವರು ಮೊದಲು ಒಂದು ಒಳ್ಳೆಯ ಬ್ಯಾರೊಮೀಟರ್ ಕೊಳ್ಳಲಿ.

ಹೈ ವೋಲ್ಟೇಜ್, ವಿಶ್ವಕಿರಣಗಳ ಪರೀಕ್ಷೆಗಳು ಆಮೇಲಿನವು. ಅವುಗಳಲ್ಲಿ ತೊಡಕಿದ್ದರೆ ಕಣ್ಣಿಗೆ ಬೀಳುತ್ತದೆ.

ಸೋರಿಕೆಯ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಈ ಶೋಧಕಗಳಲ್ಲಿ ಹರಿಯುವ ಅನಿಲ ಮಿಶ್ರಣದ ಶೇ 95ರಷ್ಟು ಆರ್-134ಎ ಎಂಬ ಶೀತಕ ಅನಿಲ. ವಾತಾವರಣವನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ತೀವ್ರ. ಬದಲಿ ಅನಿಲದ ಹುಡುಕಾಟ ಈಗ ಜೋರಾಗಿ ನಡೆದಿದೆ, ನಡೆಯಲೇಬೇಕು. ಆದರೆ ಅದು ಸಿಗುವವರೆಗೆ ಪ್ರತಿ ಕೊಳವೆ, ಪ್ರತಿ ಜೋಡಣೆಯ ಸೋರಿಕೆ ನಿಲ್ಲಿಸುವುದಕ್ಕೂ ಅಷ್ಟೇ ಹಣ, ಅಷ್ಟೇ ಜನ ಬೇಕು.