ಬಳ್ಳಾರಿಯ ಬಿಸಿಲಿಗೆ ಒಗ್ಗುವ ಸ್ಪೋರ್ಟ್ಸ್ ಕಾರು: ನನ್ನ ಅನುಭವ

ಕಡಿಮೆ ದುಡ್ಡಿನ, ಕೈಕೊಡದ, ಗ್ಯಾರೇಜಿನ ಖರ್ಚು ಹೆಚ್ಚಿಲ್ಲದ ಸ್ಪೋರ್ಟ್ಸ್ ಕಾರು ಯಾವುದು ಎಂದು ಕೇಳಿದರೆ ಹೊರದೇಶಗಳಲ್ಲಿ ಮೊದಲು ಕೇಳಿಬರುವ ಹೆಸರು ಮಜ್ದಾ ಎಂಎಕ್ಸ್-5. 1989ರಲ್ಲಿ ಬಂದ ಅದರ ಮೊದಲ ಮಾದರಿಯಲ್ಲಿ ಇದ್ದದ್ದು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ಭಾರತದಲ್ಲಿ ಆ ಕಾರು ಮಾರಾಟಕ್ಕೆ ಬರಲೇ ಇಲ್ಲ. ಆದರೆ ಅದರ ಹಿಂದಿನ ಲೆಕ್ಕಾಚಾರ ಯಾವ ಊರಿಗೂ ಸಲ್ಲುತ್ತದೆ: ಮೈ ಹಗುರವಾಗಿರಬೇಕು, ಎಂಜಿನ್ ಸರಳವಾಗಿರಬೇಕು, ಗೇರು ಕೈಯಲ್ಲಿರಬೇಕು. ಎರಡೇ ಬಾಗಿಲಿರಬೇಕು, ಛಾವಣಿ ತೆರೆಯಬೇಕು ಎಂಬ ಹಟವನ್ನು ಬಿಟ್ಟು ಈ ಮೂರನ್ನಷ್ಟೇ ಹಿಡಿದು ನಾನು ಹುಡುಕಾಟ ಶುರುಮಾಡಿದೆ.

ನನ್ನ ಓಡಾಟ ಬಳ್ಳಾರಿಯಿಂದ ತೋರಣಗಲ್ಲಿಗೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ರಸ್ತೆಯ ತುಂಬ ಅದಿರಿನ ಲಾರಿಗಳು, ಗಾಳಿಯಲ್ಲಿ ಕೆಂಪು ದೂಳು. ಇಲ್ಲಿ ಕಾರಿನ ಆಯ್ಕೆಯನ್ನು ಕುದುರೆಬಲಕ್ಕಿಂತ ಹೆಚ್ಚಾಗಿ ಶಾಖ ಮತ್ತು ದೂಳು ತೀರ್ಮಾನಿಸುತ್ತವೆ. ಬೆಂಗಳೂರಿನ ಗೆಳೆಯರ ಸಲಹೆಗಳಲ್ಲಿ ಈ ಅಂಶವೇ ಇರುತ್ತಿರಲಿಲ್ಲ.

ಮೊದಲು ಮನಸ್ಸು ಹೋದದ್ದು ಫಿಯೆಟ್ ಕಂಪನಿಯ ಅಬಾರ್ತ್ ಪುಂಟೊ ಕಡೆಗೆ. 2015ರಲ್ಲಿ ಬಂದ 145 ಅಶ್ವಶಕ್ತಿಯ ಆ ಪುಟ್ಟ ಕಾರನ್ನು ಈಗಲೂ ಎಲ್ಲಿ ಕಂಡರೂ ನಿಂತು ನೋಡುತ್ತೇನೆ. ಆದರೆ ಫಿಯೆಟ್ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿದೆ. ಒಂದು ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವ ಕಾರನ್ನು ದಿನದ ಕೆಲಸಕ್ಕೆ ನಂಬುವುದು ಹೇಗೆ? ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯ ಪಿಕಪ್ ಅದ್ಭುತ. ಆದರೆ 1.2 ಲೀಟರ್ ಟರ್ಬೊ ಮಾದರಿಯಲ್ಲಿರುವುದು ಒಣ ಕ್ಲಚ್‌ಗಳ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಡಿಎಸ್‌ಜಿ. ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲವಾದ್ದರಿಂದ ಅದನ್ನು ತಣಿಸಲು ಗಾಳಿಯೇ ಗತಿ. ಏಪ್ರಿಲ್ ಮಧ್ಯಾಹ್ನ ಲಾರಿ ಸಾಲಿನ ಹಿಂದೆ ತೆವಳುವಾಗ ಆ ಗಾಳಿಯೇ ಕಾದಿರುತ್ತದೆ. ಮಾರುತಿ ಬಲೆನೊ ಆರ್‌ಎಸ್ ನಿಜಕ್ಕೂ ಒಳ್ಳೆಯ ಗಾಡಿ: 950 ಕಿಲೋ ತೂಕ, 102 ಪಿಎಸ್ (ಅಶ್ವಶಕ್ತಿಯಂಥದೇ ಅಳತೆ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಅದು ಸಿಗುವುದೇ ಅಪರೂಪ. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್ ನನ್ನ ಜೇಬಿಗೆ ದೂರವಾಗಿತ್ತು.

ಕೊನೆಗೆ ಬಂದು ನಿಂತದ್ದು ನಾಲ್ಕನೆಯ ತಲೆಮಾರಿನ ಹೋಂಡಾ ಸಿಟಿಯಲ್ಲಿ. 2014ರಲ್ಲಿ ಬಂದ ಮಾದರಿ, ಪೆಟ್ರೋಲ್, ಐದು ಗೇರಿನ ಮ್ಯಾನುಯಲ್. ಇದನ್ನು ಸ್ಪೋರ್ಟ್ಸ್ ಕಾರು ಎಂದರೆ ಮೂಗು ಮುರಿಯುವವರಿದ್ದಾರೆ. ಅಂಕಿಗಳನ್ನು ನೋಡಿ: 1.5 ಲೀಟರ್ ಐ-ವಿಟೆಕ್ ಎಂಜಿನ್, ನಿಮಿಷಕ್ಕೆ 6,600 ಸುತ್ತಿನಲ್ಲಿ 119 ಪಿಎಸ್, ತೂಕ 1,100 ಕಿಲೋಗಿಂತ ತುಸು ಕಡಿಮೆ. ಆ ಮೊದಲ ಎಂಎಕ್ಸ್-5ಕ್ಕೆ ಇದು ತೀರಾ ದೂರವಲ್ಲ. ಎಂಜಿನ್ನಿನ ಬಲ ಹೋಗುವುದು ಎಂಎಕ್ಸ್-5ರಂತೆ ಹಿಂದಿನ ಚಕ್ರಗಳಿಗಲ್ಲ, ಮುಂದಿನ ಚಕ್ರಗಳಿಗೆ ಎಂಬುದೊಂದು ಕೊರತೆ ನಿಜ. ಆದರೆ ಟರ್ಬೊ ಇಲ್ಲ, ಅದರ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲ, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್‌ಗೆ ಬೆಲ್ಟಿನ ಬದಲು ಚೈನ್ ಇದೆ. ಕೆಡುವ ಭಾಗಗಳೇ ಕಡಿಮೆ. ಅದೇ ಎಂಜಿನ್ನಿಗೆ ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರೂ ಸಿಗುತ್ತದೆ. ಓಡಿಸುವ ಖುಷಿ ಬೇಕಾದವರು ಅದನ್ನು ಬಿಟ್ಟುಬಿಡುವುದು ಲೇಸು.

ಹಳೆಯ ಕಾರು ಕೊಳ್ಳುವಾಗ ನನ್ನ ಜೊತೆ ಬಂದವರು ಕೌಲ್ ಬಜಾರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಕೀಲಿ ಕೈಗೆ ಸಿಗುವ ಮೊದಲೇ ಅವರು, "ಸರ್, ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನಾಳೆ ಬರೋಣ" ಎಂದರು. ತಣ್ಣಗಿರುವ ಎಂಜಿನ್ ಮೊದಲ ಸಲ ಹೊತ್ತಿಕೊಳ್ಳುವಾಗ ಕೇಳುವ ಟ್ಯಾಪೆಟ್ (ವಾಲ್ವು ಒತ್ತುವ ಭಾಗ) ಶಬ್ದ, ಕಾಣುವ ಹೊಗೆ, ಕಾಯಿಸಿಟ್ಟ ಎಂಜಿನ್ನಿನಲ್ಲಿ ಮುಚ್ಚಿಹೋಗುತ್ತವೆ. ಆ ಕಾರಿನ ಬಾನೆಟ್ ತಣ್ಣಗಿತ್ತು. ಆಮೇಲೆ ಆಯಿಲ್ ಮುಚ್ಚಳ ಬಿಚ್ಚಿ ಒಳಬದಿಗೆ ಬೆರಳು ಆಡಿಸಿದರು, ಕೆಸರಿನಂಥ ಜಿಡ್ಡು ಇದೆಯೇ ಎಂದು. ರೇಡಿಯೇಟರಿನ ಸಂದಿಗಳಿಗೆ ಟಾರ್ಚ್ ಬಿಟ್ಟು ನೋಡಿದರು. ನಮ್ಮ ಕಡೆಯ ಗಾಡಿಗಳಲ್ಲಿ ಅಲ್ಲಿ ಅದಿರಿನ ದೂಳು ಗಾರೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಬೇಸಿಗೆ ಬಂದಾಗ ಎಂಜಿನ್ ಕಾಯಲು ಶುರುವಾಗುತ್ತದೆ. ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂದು ನೋಡಿ ಮೀಟರಿನ ಕಿಲೋಮೀಟರಿಗೆ ತಾಳೆ ಹಾಕಿದರು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದುವುದನ್ನೂ ಅವರಿಂದಲೇ ಕಲಿತೆ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಇಷ್ಟೆಲ್ಲ ಆದ ಮೇಲೆಯೇ ಓಡಿಸಿ ನೋಡಿದ್ದು.

ಕಾಗದಪತ್ರದ ವಿಷಯದಲ್ಲಿ ನಮ್ಮ ಗಡಿಜಿಲ್ಲೆಯವರು ಹೆಚ್ಚು ಎಚ್ಚರವಾಗಿರಬೇಕು. ಗುಂತಕಲ್, ಅನಂತಪುರದ ಕಡೆ ಅಗ್ಗವಾಗಿ ಸಿಗುವ ಆಂಧ್ರ ನೋಂದಣಿಯ ಕಾರಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಬೇರೆಯಾಗಿ ಕಟ್ಟಬೇಕು. ಅದನ್ನು ಕೂಡಿಸಿದರೆ ಅಗ್ಗ ಎನ್ನುವುದು ಬಹುಮಟ್ಟಿಗೆ ಕರಗಿಹೋಗುತ್ತದೆ. ನಾನು ಬಳ್ಳಾರಿ ನೋಂದಣಿಯ ಕೆಎ 34 ಗಾಡಿಯನ್ನೇ ಹಿಡಿದೆ. 29 ಮತ್ತು 30ನೆಯ ನಮೂನೆಗಳಲ್ಲಿ ವರ್ಗಾವಣೆ ಮುಗಿಯಿತು. ಹಿಂದಿನವರ ಸಾಲ ತೀರಿದೆಯೇ, ಅದನ್ನು ತೋರಿಸುವ ನಮೂನೆ 35 ಇದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ. ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡುವುದೂ ಮುಖ್ಯ. 2017-18ರ ಸುಮಾರಿನ ಅನೇಕ ಹೋಂಡಾ ಕಾರುಗಳನ್ನು ಇಂಧನ ಪಂಪ್ ಬದಲಿಸಲು ಕಂಪನಿ ವಾಪಸ್ ಕರೆದಿತ್ತು, ಅದು ಉಚಿತ.

ಈಗ ನಿರ್ವಹಣೆ. ಪುಸ್ತಕದಲ್ಲಿ ಆಯಿಲ್ ಬದಲಾವಣೆಗೆ 10,000 ಕಿಲೋಮೀಟರ್ ಎಂದಿದೆ. ಈ ದೂಳಿನಲ್ಲಿ ನಾನು ಅಷ್ಟು ಕಾಯುವುದಿಲ್ಲ, ಎಂಟು ಸಾವಿರಕ್ಕೇ ಮುಗಿಸುತ್ತೇನೆ. ಏರ್ ಫಿಲ್ಟರನ್ನು ಅದಕ್ಕೂ ಮೊದಲೇ ತೆಗೆದು ನೋಡುತ್ತೇನೆ. ಅದರ ಬಿಳಿ ಕಾಗದ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲು. ಫಿಲ್ಟರ್, ಪ್ಯಾಡ್, ಪ್ಲಗ್ ಎಲ್ಲವೂ ಊರಿನ ಅಂಗಡಿಗಳಲ್ಲೇ ಸಿಗುತ್ತವೆ. ಮತ್ತೆ ಯಾವುದಾದರೂ ಬೇಕಾದರೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸಿದರೆ ಬೆಳಿಗ್ಗೆ ಕೈಸೇರುತ್ತದೆ. ನಂಬಿಕೆಯ ಕಾರು ಎಂದರೆ ನನ್ನ ಪಾಲಿಗೆ ಇದೇ.

ದುಡ್ಡು ಉಳಿದಿದ್ದರೆ ಎಂಜಿನ್ನಿಗೆ ಕೈ ಹಾಕಬೇಡಿ, ಸೈಲೆನ್ಸರ್ ಬದಲಿಸಬೇಡಿ, ಟೈರಿಗೆ ಹಾಕಿ. ನನ್ನ ಕಾರಿಗೆ ಬಂದದ್ದು 175/65 ಆರ್15, ಅಂದರೆ 175 ಮಿಲಿಮೀಟರ್ ಅಗಲದ ಟೈರು. ಅದೇ ರಿಮ್ಮಿಗೆ 195/60 ಅಳತೆಯ ಒಳ್ಳೆಯ ಟೈರು ಹಾಕಿಸಿದೆ. ಸುತ್ತಳತೆಯಲ್ಲಿ ಶೇಕಡಾ ಒಂದರಷ್ಟು ಮಾತ್ರ ವ್ಯತ್ಯಾಸವಾದ್ದರಿಂದ ಸ್ಪೀಡೊಮೀಟರ್ ಹೆಚ್ಚು ತಪ್ಪುವುದಿಲ್ಲ. ಮೈಲೇಜ್ ತುಸು ಇಳಿಯಿತು, ತಿರುವಿನಲ್ಲಿ ಹಿಡಿತ ಬೇರೆಯೇ ಆಯಿತು.

ಆ ಹಿಡಿತದ ಬೆಲೆ ತಿಳಿಯುವುದು ಸಂಡೂರಿನಲ್ಲಿ. ಭಾನುವಾರ ಬೆಳಿಗ್ಗೆ ಲಾರಿಗಳು ಕಡಿಮೆ ಇರುವ ಹೊತ್ತಿಗೆ, ಮಳೆಗಾಲ ಮುಗಿದ ಮೇಲೆ, ಕುಮಾರಸ್ವಾಮಿ ಬೆಟ್ಟದ ತಿರುವುಗಳಲ್ಲಿ ಎರಡನೆಯ ಗೇರಿನಲ್ಲೇ ಹತ್ತುತ್ತಾ ಹೋಗಿ. ವೇಗ 60ನ್ನೂ ಮುಟ್ಟಿರುವುದಿಲ್ಲ. 4,000 ಸುತ್ತು ದಾಟಿದಂತೆ ಎಂಜಿನ್ನಿನ ದನಿ ಗಟ್ಟಿಯಾಗುತ್ತದೆ, ಕಾಲಿಟ್ಟಷ್ಟಕ್ಕೆ ಸರಿಯಾಗಿ ಉತ್ತರ ಕೊಡುತ್ತದೆ. ಇಳಿಯುವಾಗ ಅದೇ ಗೇರಿನಲ್ಲಿರಿ, ಎಂಜಿನ್ನೇ ವೇಗ ತಡೆಯುವುದರಿಂದ ಬ್ರೇಕ್ ಬಿಸಿಯಾಗುವುದಿಲ್ಲ. ಹಿಂದಿನ ಚಕ್ರಗಳಿಗೆ ಬೇಗ ತಣಿಯದ ಡ್ರಮ್ ಬ್ರೇಕ್ ಇರುವುದರಿಂದ ಈ ಕಾರಿನಲ್ಲಿ ಅದು ಕಡ್ಡಾಯ.