ಕಾರ್ಡ್ ಪರ್ಸಿನಲ್ಲೇ ಇದೆ, ಹಣ ಹೋಗಿದೆ: ಈಗ ಏನು ಮಾಡಬೇಕು?

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗ್ಗೆ ಫೋನ್ ನೋಡಿದರೆ ಬ್ಯಾಂಕಿನಿಂದ ಮೂರು ಮೆಸೇಜ್ ಬಂದಿದ್ದವು. ರಾತ್ರಿ ಎರಡು ಗಂಟೆಗೆ ನನ್ನ ಡೆಬಿಟ್ ಕಾರ್ಡಿನಿಂದ ಯಾವುದೋ ವಿದೇಶಿ ವೆಬ್‌ಸೈಟಿಗೆ ಮೊದಲು 90 ರೂಪಾಯಿ, ಆಮೇಲೆ ಎರಡು ಸಲ ಆರಾರು ಸಾವಿರ ಹೋಗಿತ್ತು. ಒಟಿಪಿ ಬಂದೇ ಇರಲಿಲ್ಲ. ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ, ಖಾತೆ ಇರುವುದು ಮಂಗಳೂರಿನಲ್ಲಿ. ಶಾಖೆಗೇ ಹೋಗಿ ಕೇಳೋಣ ಅಂತ ಬಸ್ ಹತ್ತಿದೆ. ಕುಂಬಳೆ, ತಲಪಾಡಿ ದಾಟಿ ಅಲ್ಲಿಗೆ ಮುಟ್ಟುವಾಗ ಹನ್ನೊಂದು ಗಂಟೆ, ಅಷ್ಟರಲ್ಲಿ ಇನ್ನೊಂದು ಸಲ ಹಣ ಎಳೆದಿದ್ದರು. ಮನೆಯ ಜಗಲಿಯಲ್ಲಿ ಕೂತು ಎರಡು ನಿಮಿಷದಲ್ಲಿ ಮಾಡಬಹುದಾಗಿದ್ದ ಕೆಲಸ ಅದು. ನೀವು ಹಾಗೆ ಮಾಡಬೇಡಿ.

ಮೊದಲು ಕಾರ್ಡ್ ನಿಲ್ಲಿಸಿ. ಬ್ಯಾಂಕಿನ ಆಪ್ ಇದ್ದರೆ ಅದರಲ್ಲಿ ಕಾರ್ಡ್ ವಿಭಾಗಕ್ಕೆ ಹೋಗಿ ಬ್ಲಾಕ್ ಮಾಡಿ. ಆಪ್ ಇಲ್ಲದಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೇ ಫೋನ್ ಮಾಡಿ, ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಸ್ಟಮರ್ ಕೇರ್ ಅಂತ ಕಳ್ಳರು ತಮ್ಮದೇ ನಂಬರ್ ಹಾಕಿಟ್ಟಿರುತ್ತಾರೆ. ಬ್ಯಾಂಕಿನವರು ಕೊಡುವ ದೂರಿನ ಸಂಖ್ಯೆ, ಫೋನ್ ಮಾಡಿದ ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳಿ.

ಒಟಿಪಿ ಇಲ್ಲದೆ ಹಣ ಹೇಗೆ ಹೋಯಿತು ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ದೇಶದ ವೆಬ್‌ಸೈಟುಗಳಲ್ಲಿ ಸಾಮಾನ್ಯವಾಗಿ ಒಟಿಪಿ ಬೇಕು, ಹೊರದೇಶದ ಹಲವು ಕಡೆ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರಂಕಿಯ ಸಿವಿವಿ ಇಷ್ಟಿದ್ದರೆ ಸಾಕಾಗುತ್ತದೆ. ಮೊದಲು ಹೋಗುವ ಆ ಸಣ್ಣ ಮೊತ್ತ ಕಾರ್ಡ್ ಚಾಲ್ತಿಯಲ್ಲಿದೆಯಾ ಅಂತ ನೋಡುವ ಪರೀಕ್ಷೆ. ಆದ್ದರಿಂದ 90 ರೂಪಾಯಿ ಅಲ್ವಾ ಅಂತ ಸುಮ್ನೆ ಬಿಡಬೇಡಿ. ಕಾರ್ಡಿನ ವಿದೇಶಿ ಬಳಕೆ, ಆನ್‌ಲೈನ್ ಬಳಕೆಗಳನ್ನು ನಾವೇ ಬೇರೆ ಬೇರೆಯಾಗಿ ಆನ್, ಆಫ್ ಮಾಡುವ ಸೌಲಭ್ಯ 2020ರ ಅಕ್ಟೋಬರ್‌ನಿಂದ ಇದೆ. ವಿದೇಶಿ ಬಳಕೆ ಬೇಡವಾದರೆ ಇವತ್ತೇ ಆಫ್ ಮಾಡಿ.

ಎರಡನೆಯದು, 1930ಕ್ಕೆ ಫೋನ್. ಇದು ಸೈಬರ್ ವಂಚನೆಯ ಸಹಾಯವಾಣಿ. ಹಣ ಯಾವ ಖಾತೆಗೆ ಹೋಗಿದೆಯೋ ಅದನ್ನು ಅಲ್ಲೇ ತಡೆಯಲು ನೋಡುತ್ತಾರೆ, ತಡವಾದಷ್ಟು ಸಿಗುವುದು ಕಡಿಮೆ. ನಮ್ಮ ಕಡೆಯಿಂದ ಮಾಡಿದರೆ ಮಲಯಾಳದಲ್ಲಿ ಮಾತಾಡಬೇಕಾಗಬಹುದು. ಪೇಟೆಯಲ್ಲಿ ಆಡುವಷ್ಟು ಮಲಯಾಳ ಸಾಕು: ಯಾವ ಬ್ಯಾಂಕು, ಎಷ್ಟು ಹಣ, ಎಷ್ಟು ಹೊತ್ತಿಗೆ, ಮೆಸೇಜಿನಲ್ಲಿರುವ ನಂಬರ್ ಯಾವುದು. ಚೆನ್ನಾಗಿ ಮಲಯಾಳ ಬರುವ ಬಾವ ಸಂಜೆ ಬರಲಿ ಅಂತ ಕಾಯಬೇಡಿ. ಪೊಲೀಸ್ ಠಾಣೆಗೆ ಕೊಡುವ ದೂರನ್ನಂತೂ ಕನ್ನಡದಲ್ಲೇ ಬರೆಯಬಹುದು, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಶಾಖೆ ಮಂಗಳೂರಿನಲ್ಲಿದೆ, ಅಲ್ಲೇ ಹೋಗಿ ಕೊಡಿ ಅಂದರೆ ಒಪ್ಪಬೇಡಿ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಅಂತ 2024ರ ಜುಲೈನಲ್ಲಿ ಬಂದ ಹೊಸ ಕಾನೂನಿನಲ್ಲಿದೆ.

ಮೂರನೆಯದು ಬ್ಯಾಂಕಿಗೆ ಲಿಖಿತ ದೂರು, ಹಣ ವಾಪಸ್ ಬರುವುದು ಇದರ ಮೇಲೆಯೇ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಿಲ್ಲದೆ ಹೊರಗಿನವರು ಹಣ ಎಳೆದಿದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ಒಂದು ರೂಪಾಯಿ ನಷ್ಟವೂ ನಿಮ್ಮದಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ತಲೆಗೆ 10,000 ರೂಪಾಯಿವರೆಗೆ ಬರಬಹುದು. ತನಿಖೆ ನಡೆಯುತ್ತಿದ್ದರೂ ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಹಾಕಬೇಕು. ನೀವೇ ಒಟಿಪಿ ಹೇಳಿಬಿಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ನಾಚಿಕೆಪಟ್ಟು ಕೂತರೆ ನಷ್ಟ ಬೆಳೆಯುತ್ತಲೇ ಹೋಗುತ್ತದೆ.

ನನಗೆ ಕೌಂಟರಿನಲ್ಲಿ ‘ಎಫ್‌ಐಆರ್ ತನ್ನಿ, ಆಮೇಲೆ ನೋಡುವ’ ಅಂದರು. ನಾನು ಅಲ್ಲೇ ಪತ್ರ ಬರೆದು ಕೊಟ್ಟು, ನಕಲಿಗೆ ತಾರೀಕು ಸಮೇತ ಸೀಲ್ ಹಾಕಿಸಿಕೊಂಡೆ. ದಿನದ ಲೆಕ್ಕಕ್ಕೆ ಆ ಸೀಲೇ ಆಧಾರ. ಮೂವತ್ತು ದಿನದಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448.

ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಕಾರ್ಡ್ ಊರಲ್ಲಿ ಅಮ್ಮನ ಕೈಯಲ್ಲಿ, ಮೆಸೇಜ್ ಹೋಗುವುದು ಮಗನ ಹಳೇ ಸಿಮ್ಮಿಗೆ, ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ. ಹಣ ಹೋದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಪಿನ್ ಇನ್ನೊಬ್ಬರಿಗೆ ಕೊಟ್ಟಿದ್ದೀರಿ ಅಂತ ಬ್ಯಾಂಕ್ ಕೈ ತೊಳೆದುಕೊಳ್ಳಲೂಬಹುದು. ಅಮ್ಮನ ಹೆಸರಲ್ಲೇ ಒಂದು ಖಾತೆ ತೆರೆದು ಅದಕ್ಕೆ ಹಣ ಕಳಿಸಿ, ಅವರ ಫೋನ್ ನಂಬರನ್ನೇ ಅದಕ್ಕೆ ಜೋಡಿಸಿ.

ದೂರು ಕೊಟ್ಟ ಮೇಲೆ ‘ನಿಮ್ಮ ಹಣ ವಾಪಸ್ ಹಾಕುತ್ತೇವೆ, ಈ ಆಪ್ ಹಾಕಿಕೊಳ್ಳಿ, ಬಂದ ನಂಬರ್ ಹೇಳಿ’ ಅಂತ ಫೋನ್ ಬಂದರೆ ಕೂಡಲೇ ಇಟ್ಟುಬಿಡಿ. ನನ್ನ ಹಣ ಎಂಟನೇ ಕೆಲಸದ ದಿನ ಬಂತು. ಯಾರೂ ಫೋನ್ ಮಾಡಲಿಲ್ಲ, ಏನೂ ಕೇಳಲಿಲ್ಲ, ಖಾತೆಗೆ ಜಮೆಯಾಗಿದೆ ಅಂತ ಒಂದು ಮೆಸೇಜ್ ಬಂತು ಅಷ್ಟೇ.