ದೂರು ಹೋಗುವ ದಾರಿ: ಸಭಾಪಾಲಕನಾಗಿ ನನ್ನ ಅನುಭವ

ಕ್ರೈಸ್ತ ಸಭೆಯೊಂದರ ಪಾಲಕನಾಗಿದ್ದ ಮೊದಲ ವರ್ಷಗಳಲ್ಲಿ ಯಾರು ಬಂದು ಯಾರ ಮೇಲೆ ದೂರು ಹೇಳಿದರೂ ಬಾಗಿಲು ಮುಚ್ಚಿಕೊಂಡು ತಾಳ್ಮೆಯಿಂದ ಕೇಳಿಸಿಕೊಳ್ಳುವುದೇ ಒಳ್ಳೆಯ ಕುರುಬನ ಲಕ್ಷಣವೆಂದು ನಂಬಿದ್ದೆ. ಕ್ರಮೇಣ ಸಭೆಯ ಮನಸ್ತಾಪಗಳೆಲ್ಲ ನನಗೆ ತಿಳಿದಿದ್ದವು. ಮನಸ್ತಾಪವಿದ್ದವರು ಮಾತ್ರ ತಮ್ಮತಮ್ಮಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಪ್ರೀತಿಯ ಕುರಿತು ಪ್ರಸಂಗ ಮಾಡುತ್ತಲೇ, ಬೆನ್ನ ಹಿಂದಿನ ಮಾತಿಗೆ ನಾನೇ ಆಶ್ರಯ ಕೊಟ್ಟಿದ್ದೆ.

ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗಬೇಕು, ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಅದಾದ ಮೇಲೆಯೇ ಸಭೆಗೆ ತಿಳಿಸಬೇಕು ಎಂಬ, ಬೈಬಲಿನ ಮತ್ತಾಯ 18:15-17ರ ಕ್ರಮವನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೆ, ಪಾಲಿಸಿರಲಿಲ್ಲ. ಇದು ಅರಿವಾದಂದಿನಿಂದ ದೂರು ತಂದವರನ್ನು, "ಇದನ್ನು ಅವರಿಗೇ ಹೇಳಿದ್ದೀರಾ?" ಎಂದು ಮೊದಲು ಕೇಳತೊಡಗಿದೆ, ಹೋಗಲು ಅಂಜುವವರ ಜೊತೆಗೆ ನಾನೇ ಹೋದೆ. ಕೆಲವರು ಬೇಸರಪಟ್ಟರು. ಈ ಪಾಠವನ್ನು ಹಿರಿಯರ ಸಮಿತಿಯಿಂದಲೇ ಆರಂಭಿಸಬೇಕಾಯಿತು, ಏಕೆಂದರೆ "ಇಂಥವರಿಗಾಗಿ ಪ್ರಾರ್ಥಿಸಿರಿ" ಎಂಬ ಪೀಠಿಕೆಯೊಡನೆ ಮನೆಮನೆಯ ಸುದ್ದಿ ಹರಡುವುದರಲ್ಲಿ ನಾವೇ ಮುಂದಿದ್ದೆವು. ಯಾರ ವಿಷಯವನ್ನಾದರೂ ಪ್ರಾರ್ಥನಾ ಕೂಟದಲ್ಲಿ ಎತ್ತುವ ಮೊದಲು ಅವರ ಒಪ್ಪಿಗೆ ಪಡೆಯಬೇಕೆಂದು ನಿರ್ಧರಿಸಿದೆವು.

ಈ ಕ್ರಮಕ್ಕೆ ಒಂದು ಮಿತಿಯನ್ನೂ ಇಟ್ಟೆವು. ಮಕ್ಕಳ ಮೇಲಿನ ದೌರ್ಜನ್ಯ ಅಥವಾ ಅಧಿಕಾರದಲ್ಲಿರುವವರ ಕಿರುಕುಳದ ವಿಷಯದಲ್ಲಿ, ನೊಂದವರನ್ನು ನೋಯಿಸಿದವನ ಮುಂದೆ ಒಂಟಿಯಾಗಿ ನಿಲ್ಲಿಸುವುದು ಆ ವಚನದ ದುರುಪಯೋಗವೆಂದೇ ನನ್ನ ಅಭಿಪ್ರಾಯ. ಅಂಥದ್ದನ್ನು ಸಂಧಾನದಿಂದ ಮುಚ್ಚದೆ ಕಾನೂನಿಗೆ ಒಪ್ಪಿಸಬೇಕು.

ದೂರನ್ನು ಹೇಗೆ ಸ್ವೀಕರಿಸಬೇಕೆಂದು ನನಗೆ ಕಲಿಸಿದ್ದು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ. ಆದಿ ಸಭೆಯ ದಿನದಿನದ ಆಹಾರ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಭಾಷೆಯವರು ಗೊಣಗಿದಾಗ ಅಪೊಸ್ತಲರು, ಅಂದರೆ ಯೇಸುವಿನ ಪ್ರಮುಖ ಶಿಷ್ಯರು, ಅದನ್ನು ಅವಿಶ್ವಾಸವೆಂದು ಗದರಿಸಲಿಲ್ಲ. ಆ ಕೆಲಸಕ್ಕೆ ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ; ಗೊಣಗಿದವರ ಕಡೆಯವರ ಕೈಗೇ ಹಂಚಿಕೆ ಹೋಯಿತೆಂದು ನಾನು ಓದಿಕೊಳ್ಳುತ್ತೇನೆ. ನಮ್ಮಲ್ಲಿಯೂ, ರೋಗಿಗಳ ಭೇಟಿ ಹಳೆಯ ಕುಟುಂಬಗಳಿಗಷ್ಟೇ ಸೀಮಿತವಾಗಿದೆಯೆಂಬ ದೂರು ಬಂದಾಗ, ಭೇಟಿಯ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯನ್ನು ದೂರಿದವರಿಗೇ ವಹಿಸಿದೆವು. ನಾನು ಒಮ್ಮೆಯೂ ಕಾಲಿಡದಿದ್ದ ಮನೆಗಳು ಆ ಪಟ್ಟಿಯಲ್ಲಿದ್ದವು.

ಹಣದ ವಿಷಯ ಇದಕ್ಕಿಂತ ಸುಲಭ. ದೊಡ್ಡ ಕಾಣಿಕೆಯ ನಿರ್ವಹಣೆಯಲ್ಲಿ ಯಾರೂ ತಪ್ಪೆಣಿಸದಂತೆ ಆದಿ ಸಭೆಯ ಬೋಧಕ ಪೌಲನು ಎಚ್ಚರ ವಹಿಸಿದ್ದನ್ನು 2 ಕೊರಿಂಥ 8:20-21 ಹೇಳುತ್ತದೆ. ಬಂಧುಗಳಲ್ಲದ ಇಬ್ಬರು ಸೇರಿ ಕಾಣಿಕೆ ಎಣಿಸುತ್ತಾರೆ, ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಸಭೆಯ ಮುಂದೆ ಓದುತ್ತೇವೆ.

ಕೆಲವು ಕಾಲದ ನಂತರ ಒಬ್ಬ ಯುವಕ ನನ್ನಲ್ಲಿಗೆ ಬಂದು, "ಅಯ್ಯನವರೇ, ನಮ್ಮ ಮನೆಯ ವಿಷಯವನ್ನು ಪ್ರಸಂಗದಲ್ಲಿ ಉದಾಹರಣೆಯಾಗಿ ಹೇಳಿದಿರಿ, ತಾಯಿಗೆ ನೋವಾಗಿದೆ" ಎಂದ. ಹೆಸರು ಹೇಳಿರಲಿಲ್ಲವಲ್ಲ ಎಂಬ ಸಮರ್ಥನೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಅಂದು ಸಂಜೆಯೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹಿರಿಯರಲ್ಲಿ ಒಬ್ಬರಿಗೂ ಅವನು ಅದನ್ನು ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು.